ಕ್ಯಾಮೆಲಿಯಾಗೆ ಎರಡು ಗಂಟೆಗೊಮ್ಮೆ ಮಗ್ಗುಲು

"ಪೂರ್ತಿ ಕೇಳೇ ಮೊದಲು. ಅಕ್ಕ ಆಸ್ಪತ್ರೆಗೆ ಸೇರ್ತಿದ್ದಾಳೆ ಅಂದ್ರೆ ಡ್ಯೂಟಿಗಲ್ಲ, ಪೇಷಂಟಾಗಿ," ಎಂದಳು ಅಮ್ಮ ಫೋನಿನಲ್ಲಿ.

"ಯಾರು, ದೊಡ್ಡಮ್ಮನಾ? ದೊಡ್ಡಮ್ಮ ಮಂಚದ ಮೇಲೆ ಮಲಗ್ತಾರಾ?"

"ಮಲಗ್ಲೇಬೇಕಲ್ಲ. ಎಡಗಾಲಿನ ಮಂಡಿ ಬದಲಾಯಿಸ್ತಾರಂತೆ. ಹನ್ನೆರಡು ದಿನ."

"ಅಯ್ಯೋ ಪಾಪ."

"ಹೂಂ, ಪಾಪಾನೇ. ಅಲ್ಲಿರೋ ನರ್ಸುಗಳು."

ಗಿರಗಿಟ್ಲೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಫೋನಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳಿಗೆ ಆ ಹೆಸರಿಟ್ಟವರೇ ದೊಡ್ಡಮ್ಮ. ಹುಡುಗಿ ಒಂದು ಕಡೆ ನೆಟ್ಟಗೆ ನಿಂತದ್ದನ್ನು ವಂಶದಲ್ಲಿ ಯಾರೂ ಕಂಡಿರಲಿಲ್ಲ. ಮನೆಯವರ ಫೋಟೋಗಳಲ್ಲಿ ಎಲ್ಲರ ಮುಖ ಸ್ಪಷ್ಟ, ಇವಳದೊಂದು ಮಸುಕು.

"ನಾನು ಅಕ್ಕನ ಜೊತೆ ಆಸ್ಪತ್ರೇಲಿ ಇರ್ತೀನಿ," ಎಂದಳು ಅಮ್ಮ. "ನೀನು ಅವಳ ಮನೇಲಿ ಇರು. ಗಿಡದ ಹತ್ರ."

"ಗಿಡಕ್ಕೆ ನೀರು ಹಾಕೋಕೆ ಹನ್ನೆರಡು ದಿನ ಅಲ್ಲೇ ಇರ್ಬೇಕಾ?"

"ನೀರಷ್ಟೇ ಅಂತ ಯಾರು ಹೇಳಿದ್ರು? ಹೇಗೂ ನಿಂಗೆ ಓದೋ ರಜೆ. ನೀನು ಓದ್ತಿರೋದೂ ಗಿಡಾನೇ."

ಅದು ನಿಜ. ಗಿರಗಿಟ್ಲೆ ಸಸ್ಯಶಾಸ್ತ್ರದ ಎರಡನೇ ವರ್ಷದಲ್ಲಿದ್ದಳು. ಎಲೆಯನ್ನು ಅಡ್ಡಕ್ಕೆ ಕೊಯ್ದರೆ ಏನೇನು ಕಾಣುತ್ತದೆ ಎಂದು ಚಿತ್ರ ಬರೆದು, ಹನ್ನೆರಡು ಬಾಣ ಎಳೆದು, ಹೆಸರು ಬರೆಯಬಲ್ಲವಳಾಗಿದ್ದಳು. ಜೀವಂತ ಗಿಡದ ಜೊತೆ ಅವಳಿಗಿದ್ದ ಒಡನಾಟವೆಂದರೆ ಹಾಸ್ಟೆಲ್ ಕಿಟಕಿಯಲ್ಲಿ ಸಾಕಿದ ಒಂದು ಪಾಪಾಸುಕಳ್ಳಿ. ಮರುಭೂಮಿಯನ್ನು ಗೆದ್ದ ಆ ಗಿಡ ಇವಳ ಕೈಯಲ್ಲಿ ಎರಡು ತಿಂಗಳೂ ಬಾಳಲಿಲ್ಲ.

ಅಮ್ಮನ ಅಕ್ಕ ಮೂವತ್ತೊಂದು ವರ್ಷ ನರ್ಸಾಗಿದ್ದವರು, ಕೊನೆಯ ಹದಿನಾಲ್ಕು ವರ್ಷ ವಾರ್ಡಿನ ಹೆಡ್ ಸಿಸ್ಟರ್. ಅವರ ವಾರ್ಡಿಗೆ ಕಾಲಿಡುವ ಮೊದಲು ದೊಡ್ಡ ದೊಡ್ಡ ಡಾಕ್ಟರುಗಳೇ ಒಮ್ಮೆ ತಮ್ಮ ಶೂ ನೋಡಿಕೊಳ್ಳುತ್ತಿದ್ದರಂತೆ. ನಿವೃತ್ತಿಯ ದಿನ ಆಸ್ಪತ್ರೆಯವರು ಒಂದು ಗೋಡೆ ಗಡಿಯಾರವನ್ನೂ ಕುಂಡದಲ್ಲಿ ಒಂದು ಕ್ಯಾಮೆಲಿಯಾವನ್ನೂ ಕೊಟ್ಟರು. ಗಡಿಯಾರ ಎರಡು ನಿಮಿಷ ಹಿಂದೆ ಓಡುತ್ತಿದೆ ಎಂದು ದೊಡ್ಡಮ್ಮ ಅಲ್ಲಿಯೇ ಹಿಂದಿರುಗಿಸಿದರು. ಗಿಡ ಮನೆಗೆ ಬಂತು.

ಕ್ಯಾಮೆಲಿಯಾ ಎಂದರೆ ಚಹಾ ಗಿಡದ ಒಡಹುಟ್ಟು. ಅಕ್ಕ ಮೈಮುರಿದು ದುಡಿದು ಲೋಕಕ್ಕೆಲ್ಲ ಚಹಾ ಕುಡಿಸುತ್ತಾಳೆ, ತಂಗಿ ಸಿಂಗರಿಸಿಕೊಂಡು ಬಾಲ್ಕನಿಯಲ್ಲಿ ನಿಂತಿರುತ್ತಾಳೆ. ಎಣ್ಣೆ ಸವರಿದಂಥ ಎಲೆ, ಕೊಂಬೆಯ ತುದಿಗಳಲ್ಲಿ ಹಸಿರು ಗುಂಡಿಯಂಥ ಮೊಗ್ಗು, ತಿಂಗಳುಗಟ್ಟಲೆ ಕಾಯಿಸಿ ಚಳಿಗಾಲದಲ್ಲಿ ಅರಳುವ ಗುಲಾಬಿ ಬಣ್ಣದ ಹೂವು. ದೊಡ್ಡಮ್ಮನ ಗಿಡ ಇದರಲ್ಲಿ ಕಾಯಿಸುವ ಭಾಗವನ್ನು ನಾಲ್ಕು ವರ್ಷ ಬಹಳ ಚೆನ್ನಾಗಿ ನಿಭಾಯಿಸಿತ್ತು. ಮೊಗ್ಗು ಬರುತ್ತಿದ್ದವು, ಉಬ್ಬುತ್ತಿದ್ದವು, ಇನ್ನೇನು ಎನ್ನುವಾಗ ಒಂದೊಂದಾಗಿ ಉದುರಿ ನೆಲಕ್ಕೆ ಬೀಳುತ್ತಿದ್ದವು. ಒಂದೇ ಒಂದು ಹೂವನ್ನೂ ಆ ಮನೆ ಕಂಡಿರಲಿಲ್ಲ.

ಆರೈಕೆ ಸಾಲದೆ ಹೀಗಾಯಿತು ಎಂದು ಯಾರಾದರೂ ಅಂದರೆ ನಾಲಿಗೆ ಬಿದ್ದುಹೋದೀತು. ಗಿಡಕ್ಕೆ ಒಂದು ಚಾರ್ಟಿತ್ತು. ಗೊಬ್ಬರದ ನೀರನ್ನು ಸಿರಿಂಜಿನಲ್ಲಿ ಅಳೆದು ಕೊಡಲಾಗುತ್ತಿತ್ತು. ಮಣ್ಣಿನಲ್ಲಿ ಥರ್ಮಾಮೀಟರ್ ಇತ್ತು. ನೆರೆಯವರು ನೋಡಬಯಸಿದರೆ ಸಂಜೆ ನಾಲ್ಕರಿಂದ ಐದು, ಕೈ ತೊಳೆದುಕೊಂಡು, ಒಬ್ಬೊಬ್ಬರಾಗಿ.

ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ದೊಡ್ಡಮ್ಮ ಬಾಲ್ಕನಿಯಲ್ಲಿ ನಿಂತು ಡ್ಯೂಟಿ ಒಪ್ಪಿಸಿದರು.

"ಹನ್ನೊಂದು ಮೊಗ್ಗು. ಬರ್ಕೊ. ನೀರು ಬೆಳಿಗ್ಗೆ ಏಳಕ್ಕೆ, ಮಣ್ಣು ಮುಟ್ಟಿ ನೋಡಿ ಆಮೇಲೆ. ಎಲೆ ಒರೆಸೋದು ದಿನ ಬಿಟ್ಟು ದಿನ. ಮಗ್ಗುಲು ಬದಲಾಯಿಸೋದು ಬೆಳಿಗ್ಗೆ ಆರರಿಂದ ರಾತ್ರಿ ಎಂಟರ ತನಕ, ಎರಡು ಗಂಟೆಗೊಮ್ಮೆ."

"ಏನು ಬದಲಾಯಿಸೋದು?"

"ಮಗ್ಗುಲು ಕಣೇ. ಕಾಲು ಸುತ್ತು ತಿರುಗಿಸೋದು. ಮಲಗಿದಲ್ಲೇ ಮಲಗಿರೋ ಪೇಷಂಟಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ಲಿಲ್ಲ ಅಂದ್ರೆ ಹಾಸಿಗೆ ಹುಣ್ಣಾಗುತ್ತೆ. ಇದೂ ನಿಂತಲ್ಲೇ ನಿಂತಿರುತ್ತಲ್ಲ."

"ಗಿಡಕ್ಕೂ ಹಾಸಿಗೆ ಹುಣ್ಣು ಆಗುತ್ತಾ ದೊಡ್ಡಮ್ಮ?"

"ನನ್ನ ಗಿಡಕ್ಕೆ ಆಗಿದೆಯಾ?"

"ಇಲ್ಲ."

"ಯಾಕೆ ಆಗಿಲ್ಲ?"

ಈ ತರ್ಕ ಕಾಲೇಜಿನ ಯಾವ ಪುಸ್ತಕದಲ್ಲೂ ಇರಲಿಲ್ಲ. ಗಿರಗಿಟ್ಲೆ ಮಗ್ಗುಲು ಎಂದು ಬರೆದುಕೊಂಡಳು.

ಕುಂಡದ ಅಂಚಿಗೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ಒಂದು ತುಂಡು ಅಂಟಿಸಿತ್ತು. ಕೆಳಗೆ ಟೈಲ್ಸಿನ ಮೇಲೆ ನಾಲ್ಕು ಕಡೆ ಮಾರ್ಕರಿನಲ್ಲಿ ಒಂದು, ಎರಡು, ಮೂರು, ನಾಲ್ಕು. ಆರು ಗಂಟೆಗೆ ಪ್ಲಾಸ್ಟರ್ ಒಂದರ ಎದುರು ಇರಬೇಕು, ಎಂಟಕ್ಕೆ ಎರಡರ ಎದುರು, ಹತ್ತಕ್ಕೆ ಮೂರು, ಹೀಗೆ ಸುತ್ತುತ್ತಾ ಹೋಗಬೇಕು. ತಿರುಗಿಸಿದ ಕೂಡಲೇ ಚಾರ್ಟಿನಲ್ಲಿ ಸಮಯ ಬರೆದು ಸಹಿ ಹಾಕಬೇಕು.

"ಚಾರ್ಟ್ ವಿಷಯದಲ್ಲಿ ಮಾತ್ರ ಆಟ ಆಡ್ಬೇಡ," ಎಂದರು ದೊಡ್ಡಮ್ಮ. "ಮಾಡದೇ ಇರೋದನ್ನ ಮಾಡಿದೀನಿ ಅಂತ ಬರೆದಿದ್ದಕ್ಕೆ ಒಬ್ಬಳನ್ನ ವಾರ್ಡಿಂದ ಆಚೆ ಹಾಕಿಸಿದೀನಿ. ಹದಿನೇಳು ವರ್ಷ ಸರ್ವೀಸ್ ಆಗಿತ್ತು ಅವಳಿಗೆ. ಇವತ್ತಿಗೂ ಮಾತಾಡ್ಸಲ್ಲ ನಾನು."

ಮೊದಲ ದಿನ ಗಿರಗಿಟ್ಲೆ ಎಂಟೂ ಸಲ ತಿರುಗಿಸಿದಳು. ಸುಮ್ಮನೆ ತಿರುಗಿಸುವ ಕುಂಡವಲ್ಲ ಅದು. ಎರಡು ಅಕ್ಕಿ ಮೂಟೆಯ ಭಾರ. ಅಡಿಯಲ್ಲಿ ಹಳೆಯ ಹಾಸಿಗೆ ಬಟ್ಟೆ ಮಡಿಸಿ ಹಾಕಿತ್ತು. ಅದರ ಮೂಲೆ ಹಿಡಿದು, ಮಂಡಿಯೂರಿ, ಉಸಿರು ಕಟ್ಟಿ ಎಳೆಯಬೇಕು. ಪೇಷಂಟುಗಳನ್ನು ಎಳೆಯುವ ಕ್ರಮವೇ ಅದು, ವ್ಯತ್ಯಾಸವೆಂದರೆ ಪೇಷಂಟುಗಳು ಒಂದಿಷ್ಟಾದರೂ ಸಹಕರಿಸುತ್ತಾರೆ. ಎರಡನೇ ದಿನ ಬೆಳಿಗ್ಗೆ ಆರರದೂ ಎಂಟರದೂ ಮುಗಿಯುವ ಹೊತ್ತಿಗೆ ಹುಡುಗಿಯ ಸೊಂಟ ಹಿಡಿದುಕೊಂಡಿತು. ಮೊಗ್ಗೊಂದು ಟಪ್ಪೆಂದು ಟೈಲ್ಸಿನ ಮೇಲೆ ಬಿತ್ತು. ಅವಳು ಮೊಗ್ಗನ್ನು ನೋಡಿದಳು, ಸೊಂಟವನ್ನು ಹಿಡಿದುಕೊಂಡಳು, ಸೊಂಟದ ಬಗ್ಗೆಯೇ ಹೆಚ್ಚು ಮರುಗಿದಳು.

ಹತ್ತಕ್ಕೆ ಸರಿಯಾಗಿ ಆಸ್ಪತ್ರೆಯಿಂದ ವಿಡಿಯೋ ಕರೆ.

"ಮುಖ ತೋರಿಸ್ಬೇಡ, ಕುಂಡ ತೋರ್ಸು. ಪ್ಲಾಸ್ಟರ್ ಎಲ್ಲಿದೆ?"

"ಒಂದ್ನಿಮಿಷ ದೊಡ್ಡಮ್ಮ, ನೆಟ್‌ವರ್ಕ್ ಸಿಗ್ತಿಲ್ಲ," ಎಂದು ಗಿರಗಿಟ್ಲೆ ಫೋನನ್ನು ಕುರ್ಚಿಯ ಮೇಲೆ ಮಕಾಡೆ ಹಾಕಿದಳು. ಬಗ್ಗಿ ಬಟ್ಟೆಯ ಮೂಲೆ ಹಿಡಿದಳು. ಸೊಂಟ ಒಪ್ಪಲಿಲ್ಲ. ಆಗ ಅವಳ ತಲೆಗೆ, ಎರಡು ವರ್ಷದ ಪದವಿ ಶಿಕ್ಷಣದಲ್ಲಿ ಒಮ್ಮೆಯೂ ಹೊಳೆಯದಷ್ಟು ಸ್ವಚ್ಛವಾದ ಒಂದು ಉಪಾಯ ಹೊಳೆಯಿತು. ಉಗುರಿನಿಂದ ಪ್ಲಾಸ್ಟರ್ ಕಿತ್ತಳು. ಮೂರರ ಎದುರು ಅಂಟಿಸಿದಳು. ಕುಂಡ ಇದ್ದಲ್ಲೇ ಇತ್ತು.

"ಹಾಂ, ಮೂರು," ಎಂದಿತು ಫೋನು. "ಗುಡ್. ಸಹಿ ಹಾಕು."

ಅಲ್ಲಿಂದ ಮುಂದೆ ಆ ಮನೆಯಲ್ಲಿ ತಿರುಗಿದ್ದು ಪ್ಲಾಸ್ಟರ್ ಒಂದೇ. ಅಂಟು ಹೋದಾಗ ಹೊಸ ತುಂಡು ಕತ್ತರಿಸುತ್ತಿದ್ದಳು. ಚಾರ್ಟನ್ನು ರಾತ್ರಿ ಊಟದ ನಂತರ ಒಂದೇ ಸಲಕ್ಕೆ ತುಂಬುತ್ತಿದ್ದಳು. ಅನುಮಾನ ಬರಬಾರದೆಂದು ಎರಡು ಪೆನ್ನು, ಒಂದೆರಡು ಕಡೆ ಸಹಿ ಸ್ವಲ್ಪ ಸೊಟ್ಟ. ಕಾಲೇಜಿನ ಪ್ರಯೋಗದ ರೆಕಾರ್ಡನ್ನು ಇಷ್ಟು ಶ್ರದ್ಧೆಯಿಂದ ಬರೆದಿದ್ದರೆ ಪ್ರಾಕ್ಟಿಕಲ್ಲಿನಲ್ಲಿ ಅವಳೇ ಮೊದಲಿಗಳಾಗುತ್ತಿದ್ದಳು.

ಆದರೆ ಮೊಗ್ಗು ಉದುರುವುದು ನಿಂತುಹೋಯಿತು. ಮೂರನೇ ದಿನ ಹತ್ತು. ನಾಲ್ಕನೇ ದಿನ ಹತ್ತು. ಐದನೇ ದಿನ ಲೈಬ್ರರಿಯ ಪುಸ್ತಕ ಹಿಂದಿರುಗಿಸಲು ಕಾಲೇಜಿಗೆ ಹೋದವಳು ತೋಟದ ಮಾಲಿಯನ್ನು ಹಿಡಿದು ಫೋನಿನಲ್ಲಿ ಗಿಡದ ಫೋಟೋ ತೋರಿಸಿದಳು. ಗಿಡಗಳ ಬಗ್ಗೆ ಡಿಪಾರ್ಟ್‌ಮೆಂಟಿಗಿಂತ ಮಾಲಿಗೆ ಹೆಚ್ಚು ಗೊತ್ತು ಎಂಬುದು ಕಾಲೇಜಿನಲ್ಲಿ ಎಲ್ಲರಿಗೂ ತಿಳಿದಿದ್ದ ಸಂಗತಿ, ಡಿಪಾರ್ಟ್‌ಮೆಂಟೊಂದನ್ನು ಬಿಟ್ಟು.

"ತಿರುಗಿಸ್ತಾರಾ? ದಿನಕ್ಕೆಷ್ಟು ಸಲ?"

"ಎಂಟು ಸಲ."

ಮಾಲಿ ಪೈಪನ್ನು ಕೆಳಗಿಟ್ಟ. "ಯಾರ ಮೇಲಿನ ಸಿಟ್ಟಮ್ಮಾ ಅದು?"

"ಸಿಟ್ಟಲ್ಲ, ಪ್ರೀತಿ."

"ಪ್ರೀತೀನೇ ಕೆಟ್ಟದ್ದು. ನೋಡು, ಮೊಗ್ಗು ಹಿಡಿದ್ಮೇಲೆ ಈ ಜಾತಿ ಗಿಡಾನ ಅಲ್ಲಾಡಿಸ್ಬಾರ್ದು. ಬೆಳಕು ಯಾವ ಕಡೆಯಿಂದ ಬರುತ್ತೆ ಅಂತ ನೋಡ್ಕೊಂಡು ಕೂತಿರುತ್ತೆ ಅದು. ನೀನು ಬೆನ್ನು ತಿರುಗಿಸ್ಬಿಟ್ರೆ ಮತ್ತೆ ಮೊದಲಿಂದ ಶುರು. ನಾಲ್ಕು ಸಲ ನೋಡುತ್ತೆ, ಆಮೇಲೆ ಇವರ ಸಹವಾಸವೇ ಬೇಡ ಅಂತ ಮೊಗ್ಗು ಉದುರಿಸಿ ಕೈ ತೊಳ್ಕೊಳುತ್ತೆ."

ದಾರಿಯುದ್ದಕ್ಕೂ ಗಿರಗಿಟ್ಲೆಗೆ ಹೆಮ್ಮೆ. ಸೋಮಾರಿತನ ಎಂದು ತಾನು ತಿಳಿದಿದ್ದದ್ದು ವಿಜ್ಞಾನವಾಗಿತ್ತು.

ಹನ್ನೆರಡನೇ ದಿನ ಬೆಳಿಗ್ಗೆ ಒಂದು ಮೊಗ್ಗು ಅರಳಿತು. ಅಂಗೈಯಷ್ಟು ದೊಡ್ಡದು, ಪದರ ಪದರವಾಗಿ, ಇಸ್ತ್ರಿ ಮಾಡಿಟ್ಟಂತೆ. ಮಧ್ಯಾಹ್ನ ಒಂದರ ಹೊತ್ತಿಗೆ ದೊಡ್ಡಮ್ಮ ವಾಕರ್ ಹಿಡಿದು ಟಕ್ ಟಕ್ ಎಂದು ಬಂದರು. ಕೂರಲಿಲ್ಲ, ನೀರು ಕೇಳಲಿಲ್ಲ, ನೇರ ಬಾಲ್ಕನಿಗೆ. ಅಲ್ಲಿಯೂ ಮೊದಲು ಹೂವನ್ನು ನೋಡಲಿಲ್ಲ. ಕನ್ನಡಕ ಹಾಕಿಕೊಂಡು ಚಾರ್ಟ್ ಓದಿದರು. ಹನ್ನೆರಡು ಪುಟ, ತೊಂಬತ್ತೆರಡು ಸಹಿ. ಓದಿ ಮುಗಿಸಿದ ಮೇಲೆ ಹೂವನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಒಂದು ನಿಮಿಷ ಆಚೆ ಈಚೆ ಆಗಿಲ್ಲ," ಎಂದರು. "ನಾಲ್ಕು ವರ್ಷ ನನ್ನ ಕೈಲಿ ಆಗ್ಲಿಲ್ಲ ನೋಡು. ಮಂಡಿ ನೋವು, ಒಂದಿನ ಹತ್ತು ನಿಮಿಷ ತಡ, ಇನ್ನೊಂದಿನ ಕಾಲು ಗಂಟೆ. ಅದಕ್ಕೇ ಉದುರ್ತಿತ್ತು. ಸರಿಯಾದ ಟೈಮಿಗೆ ತಿರುಗಿಸಿದ್ರೆ ಅರಳುತ್ತೆ ಅಂತ ನೀನು ತೋರಿಸ್ಬಿಟ್ಟೆ. ಅರಳಿದ ಪೇಷಂಟಿಗೆ ಇನ್ನು ಮಗ್ಗುಲು ಬೇಡ, ಚಾರ್ಟ್ ಮುಚ್ಚು. ನಿನ್ನನ್ನ ಗಿರಗಿಟ್ಲೆ ಅಂತಿದ್ನಲ್ಲ ನಾನು. ನೀನು ನರ್ಸಾಗ್ಬೇಕಿತ್ತು ಕಣೇ."

ಹತ್ತೊಂಬತ್ತು ವರ್ಷಗಳಲ್ಲಿ ದೊಡ್ಡಮ್ಮ ಅವಳನ್ನು ಹೊಗಳಿದ್ದು ಅದೇ ಮೊದಲು. ಹೇಳಬೇಕೆಂದಿದ್ದ ಮಾತನ್ನು ಗಿರಗಿಟ್ಲೆ ಉಗುಳಿನ ಜೊತೆ ನುಂಗಿದಳು. ನಾಳೆ ಹೇಳಿದರಾಯಿತು. ಅಥವಾ ಪರೀಕ್ಷೆ ಮುಗಿದ ಮೇಲೆ. ಅಥವಾ ಮದುವೆಯಾಗಿ ಮಕ್ಕಳಾದ ಮೇಲೆ, ಅವರಿಗೆ ಕಥೆ ಹೇಳುವಾಗ ದೊಡ್ಡಮ್ಮನ ಕಿವಿಗೂ ಬೀಳುವಂತೆ.

ಅಂದು ಸಂಜೆಯೇ ಕೆಳಗಿನ ಮನೆಯ ಟೈಲರ್ ಮಾಮ ಕೈ ತೊಳೆದುಕೊಂಡು ಬಂದರು. ಅವರು ಕಟ್ಟಡದ ಹೂಗಿಡ ಬಳಗದ ಕಾರ್ಯದರ್ಶಿ. ಅವರ ಮನೆಯಲ್ಲೂ ಒಂದು ಕ್ಯಾಮೆಲಿಯಾ ಇತ್ತು, ಹೆಂಡತಿಯದು. ಹೆಂಡತಿ ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳಾಗಿತ್ತು, ಮುಂದಿನ ವಾರ ಬರುವವರಿದ್ದರು. ಹೋಗುವಾಗ ಅವರು ಗಂಡನಿಗೆ ಹೇಳಿದ ಮಾತು ಇಡೀ ಕಟ್ಟಡಕ್ಕೆ ಗೊತ್ತಿತ್ತು: ನಿಮ್ಮ ಕೈಯಲ್ಲಿ ಬಟನ್ನೇ ನಿಲ್ಲಲ್ಲ, ಗಿಡ ನಿಲ್ಲುತ್ತಾ?

"ನಿಂತಿದೆ ಸಿಸ್ಟರ್," ಎಂದರು ಟೈಲರ್ ಮಾಮ, ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ಸವರುತ್ತ. "ಏಳು ಮೊಗ್ಗು. ದಿನಾ ಅಳೀತೀನಿ, ದೊಡ್ಡದು ಒಂದು ಇಂಚು ದಾಟಿದೆ. ಅವಳು ಬರೋಷ್ಟ್ರಲ್ಲಿ ಒಂದಾದ್ರೂ ಅರಳಿದ್ರೆ ನಾನು ಜನ್ಮದಲ್ಲಿ ಮೊದಲ ಸಲ ಗೆದ್ದಂಗೆ. ನೀವು ಏನು ಮಾಡಿದ್ರಿ ಹೇಳಿ."

"ನಾನಲ್ಲ, ಇವಳು. ಎರಡು ಗಂಟೆಗೊಮ್ಮೆ ಮಗ್ಗುಲು," ಎಂದು ದೊಡ್ಡಮ್ಮ ಚಾರ್ಟನ್ನು ಅವರ ಕೈಗಿಟ್ಟರು.

ಗಿರಗಿಟ್ಲೆ ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋದಳು, ಅಲ್ಲೇ ಉಳಿದಳು.

ಮರುದಿನ ಸಂಜೆ ಟೈಲರ್ ಮಾಮ ಅಂಗೈಯಲ್ಲಿ ಒಂದು ಮೊಗ್ಗು ಹಿಡಿದು ಬಂದರು, ಗೂಡಿನಿಂದ ಬಿದ್ದ ಮರಿಯನ್ನು ಹಿಡಿದಂತೆ. "ಸಿಸ್ಟರ್, ಒಂದು ಬಿತ್ತು."

"ಟೈಮ್ ತಪ್ಪಿತಾ?"

"ಒಂದು ಸಲ ಗಿರಾಕಿ ಬಂದಿದ್ರು, ಐದು ನಿಮಿಷ..."

"ನೋಡಿದ್ರಾ," ಎಂದರು ದೊಡ್ಡಮ್ಮ. "ಕೇಸ್ ಸೀರಿಯಸ್ಸಾಗಿದೆ. ಇವತ್ತಿಂದ ಒಂದು ಗಂಟೆಗೊಮ್ಮೆ ಮಾಡಿ."

ಅದರ ಮರುದಿನಕ್ಕೆ ಇನ್ನೆರಡು ಬಿದ್ದವು. ಟೈಲರ್ ಮಾಮ ಅಂಗಡಿ ಮುಚ್ಚಿ ಕುಂಡದ ಪಕ್ಕದಲ್ಲೇ ಹೊಲಿಗೆ ಮೆಷಿನ್ ಹಾಕಿಕೊಂಡಿದ್ದರು. ಆದರೂ ಅವರ ಭಕ್ತಿ ಮಾತ್ರ ಹೆಚ್ಚುತ್ತಲೇ ಇತ್ತು. ಮಧ್ಯಾಹ್ನ ಬಂದವರು ಒಂದು ಕಟ್ಟು ಕಾಗದ ತಂದರು. ಬಳಗದ ಮೂವತ್ತು ಮಂದಿಗೂ ಹಂಚಲು ಚಾರ್ಟಿನ ಜೆರಾಕ್ಸ್. ಮರುದಿನ ಕೆಳಗಿನ ಹಾಲಿನಲ್ಲಿ ದೊಡ್ಡಮ್ಮನ ಭಾಷಣ. ವಿಷಯ: ಹೂಗಿಡಗಳಿಗೆ ಮಗ್ಗುಲು ಬದಲಿಸುವ ವೈಜ್ಞಾನಿಕ ವಿಧಾನ.

"ನಿನ್ನ ಸಹಿ ಎಷ್ಟು ಚೆನ್ನಾಗಿ ಬಂದಿದೆ ನೋಡಮ್ಮ ಜೆರಾಕ್ಸಲ್ಲಿ," ಎಂದರು ಟೈಲರ್ ಮಾಮ. ಅವರ ಕಣ್ಣು ನಿದ್ದೆಗೆಟ್ಟು ಕೆಂಪಗಿತ್ತು. "ಇನ್ನು ನಾಲ್ಕಿದೆ. ನಾಲ್ಕರಲ್ಲಿ ಒಂದು ಉಳಿದ್ರೂ ಸಾಕು ನಂಗೆ."

ಅವರು ಹೋದ ಮೇಲೆ ಗಿರಗಿಟ್ಲೆ ಎಂಟು ಸಲ ಬಾಲ್ಕನಿಗೆ ಹೋಗಿ ಬಂದಳು. ಒಂಬತ್ತನೆಯ ಸಲ ದೊಡ್ಡಮ್ಮನ ಎದುರು ನಿಂತಳು. ಅಲುಗಾಡದೆ ನಿಂತಳು, ಅದನ್ನು ನೋಡಿಯೇ ದೊಡ್ಡಮ್ಮನಿಗೆ ಗಾಬರಿಯಾಯಿತು.

"ಏನೇ, ಜ್ವರಾನಾ?"

"ದೊಡ್ಡಮ್ಮ, ನಾನು ತಿರುಗಿಸ್ಲಿಲ್ಲ."

"ಯಾವಾಗ? ಮಧ್ಯಾಹ್ನದ್ದಾ?"

"ಯಾವಾಗ್ಲೂ ಇಲ್ಲ. ಮೊದಲ್ನೇ ದಿನ ಪೂರ್ತಿ, ಎರಡನೇ ದಿನ ಎರಡು ಸಲ. ಅಷ್ಟೇ."

"ಮಿಕ್ಕಿದ್ದು?"

"ಎಂಬತ್ತೆರಡು. ಸುಳ್ಳು."

"ವಿಡಿಯೋದಲ್ಲಿ ನಾನೇ ನೋಡ್ದೆ. ಪ್ಲಾಸ್ಟರ್ ಸರಿಯಾಗಿತ್ತು."

"ಪ್ಲಾಸ್ಟರನ್ನ ಕಿತ್ತು ಕಿತ್ತು ಅಂಟಿಸ್ತಿದ್ದೆ."

ದೊಡ್ಡಮ್ಮ ಕನ್ನಡಕ ತೆಗೆದರು. ಬೈಯಲಿ ಎಂದು ಗಿರಗಿಟ್ಲೆ ಕಾದಳು. ಮೂವತ್ತೊಂದು ವರ್ಷದ ಬೈಗುಳದ ದಾಸ್ತಾನು ಅಲ್ಲಿತ್ತು, ಒಂದೂ ಹೊರಬರಲಿಲ್ಲ. ಅದು ಬೈದದ್ದಕ್ಕಿಂತ ಕೆಟ್ಟದಾಗಿತ್ತು. ತಡೆಯಲಾರದೆ ಅವಳು ಮಾಲಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದಳು: ಬೆಳಕು, ಬೆನ್ನು, ಅಲ್ಲಾಡಿಸಬಾರದು ಎಂದದ್ದು, ಸಿಟ್ಟೋ ಪ್ರೀತಿಯೋ ಎಂದದ್ದು.

"ಹಾಗಾದ್ರೆ ನಾಲ್ಕು ವರ್ಷ ಬೀಳಿಸಿದ್ದು ನಾನು," ಎಂದರು ದೊಡ್ಡಮ್ಮ ನಿಧಾನವಾಗಿ.

"ಹಂಗಲ್ಲ ದೊಡ್ಡಮ್ಮ..."

"ಹೌದು ಅನ್ನು. ಈಗ್ಲೂ ಸುಳ್ಳು ಹೇಳ್ಬೇಡ."

"ಹೌದು."

"ಮಂಡಿ ಸವೆದಿದ್ದೂ ಭಾರ ಎಳೆದೂ ಎಳೆದೂ ಅಂದ್ರು ಡಾಕ್ಟ್ರು. ಏನು ಎಳೀತಿದ್ರಿ ಅಂದ್ರು. ಪೇಷಂಟ್ ಅಂದೆ." ದೊಡ್ಡಮ್ಮ ಹೊಲಿಗೆ ಹಾಕಿದ ಮಂಡಿಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಅವರ ಹೊಟ್ಟೆ ಸಣ್ಣಗೆ ಅಲುಗತೊಡಗಿತು. ಅಳುತ್ತಿದ್ದಾರೆಂದು ಗಿರಗಿಟ್ಲೆ ಹೆದರಿ ಹತ್ತಿರ ಹೋದಳು. ನಗುತ್ತಿದ್ದರು, ಅಥವಾ ಎರಡೂ. ಅದು ಮುಗಿದ ಮೇಲೆ ಕನ್ನಡಕ ಒರೆಸಿ ಹಾಕಿಕೊಂಡರು, ಮುಖ ಮತ್ತೆ ವಾರ್ಡಿನದಾಯಿತು.

"ನೀನು ಹೇಳದೆ ಇದ್ದಿದ್ರೆ ನಾಳೆ ಮೂವತ್ತು ಮನೆಯಲ್ಲಿ ಮೊಗ್ಗು ಉದುರ್ತಿತ್ತು. ಹೇಳಿದೀಯ, ಅದು ಬೇರೆ ಲೆಕ್ಕ. ಚಾರ್ಟಲ್ಲಿ ಸುಳ್ಳು ಬರೆದಿದ್ದು ಬೇರೆ ಲೆಕ್ಕ. ಚಾರ್ಟ್ ತಗೊಂಬಾ. ಎಂಬತ್ತೆರಡು ಕಡೆ ಗೀಟು ಹೊಡೆದು ಪಕ್ಕದಲ್ಲಿ ತಿರುಗಿಸಿಲ್ಲ ಅಂತ ಬರೆದು ಸಹಿ ಹಾಕು. ಒಂದೇ ಪೆನ್ನಲ್ಲಿ."

"ಎರಡು ಪೆನ್ನು ಅಂತ ಗೊತ್ತಾಗಿತ್ತಾ?"

"ಗೊತ್ತಾಗಿತ್ತು. ಇಂಕು ಮುಗಿದಿರ್ಬೇಕು ಅನ್ಕೊಂಡೆ. ಹೂವು ಅರಳಿತ್ತಲ್ಲ." ದೊಡ್ಡಮ್ಮ ಫೋನ್ ಎತ್ತಿಕೊಂಡು ಕೆಳಗಿನ ಮನೆಗೆ ಹಚ್ಚಿ ಸ್ಪೀಕರ್ ಒತ್ತಿದರು. "ಟೈಲರ್ ಅವರೇ, ಕುಂಡಕ್ಕೆ ಕೈ ಹಚ್ಬೇಡಿ ಇನ್ನು."

"ಐದು ಗಂಟೇದು ಒಂದು ಬಾಕಿ ಇದೆ ಸಿಸ್ಟರ್. ಮಾಡಿಬಿಡ್ತೀನಿ."

"ಬಾಕಿ ಇರ್ಲಿ. ಮೆಷಿನ್ ಅಂಗಡಿಗೆ ಸಾಗಿಸಿ. ಟೇಪನ್ನೂ ಅದರ ಹತ್ರ ತಗೊಂಡು ಹೋಗ್ಬೇಡಿ. ಉಳಿದಿರೋ ನಾಲ್ಕು ಉಳೀಲಿ."

"ಟ್ರೀಟ್‌ಮೆಂಟ್ ಬದಲಾಯ್ತಾ?"

"ಬದಲಾಯ್ತು. ನಾನು ಕೊಟ್ಟಿದ್ದು ತಪ್ಪು ಟ್ರೀಟ್‌ಮೆಂಟು. ನಿಮ್ಮ ಮೂರು ಮೊಗ್ಗು ನನ್ನ ತಲೆ ಮೇಲೆ. ನಿಮ್ಮ ಮನೆಯವರು ಬಂದಾಗ ನಾನೇ ಬಂದು ಹೇಳ್ತೀನಿ."

"ಅಯ್ಯೋ ಬಿಡಿ ಸಿಸ್ಟರ್. ನಿಮ್ಮಂಥೋರೂ ತಪ್ಪು ಮಾಡ್ತಾರೆ ಅಂದ್ರೆ ಅವಳು ನನ್ನ ಮೂರನ್ನ ಮಾಫಿ ಮಾಡ್ಬೋದು," ಎಂದರು ಟೈಲರ್ ಮಾಮ. ಧ್ವನಿಯಲ್ಲಿ ನಿಜಕ್ಕೂ ಸಮಾಧಾನವಿತ್ತು. "ಹಾಗಾದ್ರೆ ನಾಳೆ ಭಾಷಣ ಇಲ್ಲ ಅಂತ ಬೋರ್ಡಲ್ಲಿ ಬರೀಲಾ? ಜೆರಾಕ್ಸ್ ಬೇರೆ ಆಗೋಗಿದೆ."

ದೊಡ್ಡಮ್ಮ ಗಿರಗಿಟ್ಲೆಯನ್ನು ನೋಡಿದರು. ಹುಡುಗಿ ಒಂದನೇ ಪುಟದಲ್ಲಿ ಗೀಟು ಹೊಡೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಇದೆ ಅಂತ ಬರೀರಿ. ಹತ್ತೂವರೆಗೇ. ವಿಷಯ ಅಳಿಸಿ, ಹೊಸದನ್ನ ಬೆಳಿಗ್ಗೆ ಹೇಳ್ತೀನಿ. ಮಾತಾಡೋರು ಒಬ್ಬರಲ್ಲ, ಇಬ್ಬರು."

"ಎರಡನೆಯವರು ಯಾರು ಸಿಸ್ಟರ್? ಹೆಸರು ಬರೀಬೇಕಲ್ಲ."

"ಅವರಿಗೆ ಇನ್ನೂ ತಿಳಿಸಿಲ್ಲ," ಎಂದು ದೊಡ್ಡಮ್ಮ ಫೋನಿಟ್ಟರು.

"ದೊಡ್ಡಮ್ಮ, ಮಾಲಿ ತುಂಬಾ ಚೆನ್ನಾಗಿ ಮಾತಾಡ್ತಾನೆ. ಅವನನ್ನೇ ಕರೀಬೋದು," ಎಂದಳು ಗಿರಗಿಟ್ಲೆ ಮೆಲ್ಲಗೆ.

"ಕರಿ, ಅವನು ಮುಂದಿನ ಸಾಲಲ್ಲಿ ಕೂರ್ಲಿ. ನೀನು ತಪ್ಪಿದ್ರೆ ತಿದ್ತಾನೆ. ಹತ್ತು ಗಂಟೆಗೆ ಹಾಲಿನ ಬಾಗಿಲಲ್ಲಿ ಇರ್ಬೇಕು, ನಾಳೆ. ಹತ್ತು ಅಂದ್ರೆ ಹತ್ತು."